ಸೀಮೆ ಸಿಹಿ

ಬಣ್ಣದ ವಿಷಯದಲ್ಲಿ ನಮ್ಮ ನಾಯನನಿಗೆ ಯಾರೂ ಎದುರು ಮಾತಾಡುವಂತಿರಲಿಲ್ಲ. ಅಪ್ಪನನ್ನು ನಾವು ನಾಯನ ಎಂದೇ ಕರೆಯುತ್ತಿದ್ದದ್ದು. ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ರೇಷ್ಮೆಯ ಲಡಿಯನ್ನು ಹಂಡೆಯಲ್ಲಿ ಅದ್ದಿ ಮೇಲೆತ್ತಿದಾಗಲೇ, ಒಣಗಿದ ಮೇಲೆ ಅದು ಎಂಥ ಕೆಂಪಾಗುತ್ತದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಜಾಣತನವನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಸತ್ತ ಅಪ್ಪನ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ಬದುಕಿದ್ದಾಗ ಅವನ ಮೇಲೆ ಸಿಟ್ಟಾಗುವ ಧೈರ್ಯ ನಮಗೆ ಯಾರಿಗಿತ್ತು?

ರಾಯದುರ್ಗಕ್ಕೆ ರೈಲು ಬಂದು ಕೆಲವು ವರ್ಷವಾಗಿದ್ದ ಕಾಲ ಅದು. ಬಳ್ಳಾರಿಯ ಸರಕು ನಮ್ಮ ಕೇರಿಗೆ ಸಲೀಸಾಗಿ ಬರತೊಡಗಿತ್ತು, ಅದರ ಜೊತೆಗೆ ಸೀಮೆ ಬಣ್ಣವೂ ಬಂತು. ಮುಂಚೆಯಾದರೆ ಕೆಂಪು ಬೇಕೆಂದಾಗ ಅರಗನ್ನು ಕುಟ್ಟಿ, ನೆನೆಸಿ, ಸೋಸಿ, ಹುಳಿ ಹಾಕಿ ಕುದಿಸಬೇಕಿತ್ತು. ಮನೆಮಂದಿಗೆಲ್ಲ ಅದೇ ಕೆಲಸ. ಸೀಮೆ ಬಣ್ಣ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಒಂದು ಚಿಟಿಕೆ ಉದುರಿಸಿದರೆ ಹಂಡೆಯ ನೀರೆಲ್ಲ ಕೆಂಪು. ಮೊದಲ ಸಲ ಅದನ್ನು ನೋಡಿದ ನಾಯನ ಒಲೆಯ ಮುಂದೆ ಕೂತುಬಿಟ್ಟ. ಒಂದು ಗಾಡಿ ಅರಗನ್ನು ಹಿಂಡಿ ಈ ಚಿಟಿಕೆಯಲ್ಲಿ ಇಟ್ಟಿದ್ದಾರೆ ಎಂದು ದಿನವೆಲ್ಲ ಹೇಳಿಕೊಂಡು ತಿರುಗಿದ. ನೀರಿಗೆ ಬಿದ್ದರೆ ಬಿಡುವ ಬಣ್ಣ ಎಂದು ಕೇರಿಯ ಹಿರಿಯರು ಮೂಗು ಮುರಿದರು. ಮೊದಲ ಒಗೆತಕ್ಕೆ ಸ್ವಲ್ಪ ಬಿಡುತ್ತದೆ, ಆಮೇಲೆ ನಿಲ್ಲುತ್ತದೆ ಎಂದು ನಾಯನ ವಾದ ಮಾಡಿದ, ಗೆದ್ದ. ಅಲ್ಲಿಂದಾಚೆಗೆ ಅವನಿಗೆ ಸೀಮೆಯಿಂದ ಬಂದದ್ದೆಲ್ಲ ಸತ್ವವೇ.

ನನಗೆ ಇದ್ದವಳು ಒಬ್ಬಳೇ ತಂಗಿ. ಚಳ್ಳಕೆರೆಗೆ ಕೊಟ್ಟಿದ್ದೆವು. ಗಂಡನ ಮನೆಯವರು ಸಂತೆಯಲ್ಲಿ ಬಟ್ಟೆ ಮಾರುವ ಜನ, ಕೆಟ್ಟವರಲ್ಲ. ಮದುವೆಯಾಗಿ ಎರಡನೆಯ ಬೇಸಿಗೆಗೆ ಅವರಿಂದ ಸುದ್ದಿ ಬಂತು: ಹುಡುಗಿ ಸೊರಗುತ್ತಿದ್ದಾಳೆ, ಕೊಡಗಟ್ಟಲೆ ನೀರು ಕುಡಿಯುತ್ತಾಳೆ, ತವರಿಗೆ ಕರೆದುಕೊಂಡು ಹೋಗಿ ಸ್ವಲ್ಪ ಸುಧಾರಿಸಿ ಕಳಿಸಿ. ನಾಯನ, ನಾನು ಗಾಡಿ ಕಟ್ಟಿಕೊಂಡು ಹೋದೆವು. ನನ್ನ ತಂಗಿ ಎಂಥವಳೆಂದರೆ, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವಾಗ ಒಂದು ಕಡೆ ಬಾಯಿ ಹರಟುತ್ತಿದ್ದರೆ ಇನ್ನೊಂದು ಕಡೆ ಕೈ ನಿಲ್ಲುತ್ತಿರಲಿಲ್ಲ. ನಾನು ಮಗ್ಗದಲ್ಲಿ ಎಳೆ ತಪ್ಪಿಸಿದರೆ ನೋಡದೆಯೇ ಸದ್ದಿನಲ್ಲಿ ಕಂಡುಹಿಡಿದು, ಅಣ್ಣನಿಗೆ ನಿದ್ದೆ ಬಂದೈತೆ ಎಂದು ಇಡೀ ಮನೆಗೆ ಸಾರುತ್ತಿದ್ದಳು. ಅಂಥವಳು ಬಾಗಿಲಿಗೆ ಒರಗಿ ನಿಂತಿದ್ದಳು. ಬಳೆಗಳು ಮೊಣಕೈಯವರೆಗೆ ಜಾರಿದ್ದವು. ಬಚ್ಚಲಲ್ಲಿ ಇರುವೆ ಮುತ್ತುತ್ತವೆ ಎಂದು ಅವಳ ಅತ್ತೆ ಅವ್ವನಿಗೆ ಹೇಳಬೇಕಾದ್ದನ್ನು, ಅವ್ವ ಬಂದಿರಲಿಲ್ಲವಾಗಿ, ಮುಖ ಆಚೆ ತಿರುಗಿಸಿಕೊಂಡು ನಮಗೇ ಹೇಳಿದಳು.

ಊರಿಗೆ ಹೊರಡುವ ಮುನ್ನ ಚಳ್ಳಕೆರೆಯಲ್ಲಿದ್ದ ಡಾಕ್ಟರಿಗೆ ತೋರಿಸೋಣ ಎಂದು ನಾನು ಹಟ ಹಿಡಿದೆ. ಡಾಕ್ಟರು ದೂರದ ಊರಿನವರು, ಮೆತ್ತಗೆ ಮಾತಾಡುತ್ತಿದ್ದರು. ಅವಳ ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ, ಅದಕ್ಕೆ ನೀಲಿ ನೀರು ಬೆರೆಸಿ, ಸಣ್ಣ ದೀಪದ ಮೇಲೆ ಕಾಯಿಸಿದರು. ದೂರ ನಿಂತಿದ್ದ ನಾಯನ ಯಾರೂ ಕರೆಯದೆ ಮೇಜಿನ ಹತ್ತಿರಕ್ಕೆ ಬಂದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಾಗಿ ತಳದಲ್ಲಿ ಕೂತಿತು. ಜನ್ಮವೆಲ್ಲ ಹಂಡೆ ಕಾಯಿಸಿದ ನನ್ನ ಅಪ್ಪ ಬಾಯಿಬಿಟ್ಟುಕೊಂಡು ಅದನ್ನೇ ನೋಡಿದ. ತನ್ನ ಮಗಳಿಗೆ ಏನಾಗಿದೆ ಎಂಬುದನ್ನು ಹೇಳುವ ಭಾಷೆ ಬಣ್ಣದ್ದೇ ಎಂದು ಅವನಿಗೆ ಆ ಗಳಿಗೆಯಲ್ಲಿ ಅನಿಸಿರಬೇಕು. ಆಮೇಲೆ ಡಾಕ್ಟರು ಹೇಳಿದ ಮಾತು ಅವನ ಕಿವಿಗೆ ಅರ್ಧ ಮಾತ್ರ ಬಿತ್ತು.

ಡಾಕ್ಟರು ಹೇಳಿದ್ದು ಇಷ್ಟು. ಇದು ಸಿಹಿಮೂತ್ರ. ನೆತ್ತರಲ್ಲಿ ಸಕ್ಕರೆ ಮಿತಿಮೀರಿ ಏರಿದೆ. ಮೈ ಅದನ್ನು ಬಳಸಿಕೊಳ್ಳಲಾರದೆ ನೀರಿನ ಜೊತೆ ಹೊರಗೆ ಹಾಕುತ್ತಿದೆ. ಬೆಲ್ಲ, ಸಕ್ಕರೆ, ಅನ್ನ, ಮುದ್ದೆ, ರೊಟ್ಟಿ ಎಲ್ಲ ಬಿಡಬೇಕು. ಸೊಪ್ಪು, ಮಜ್ಜಿಗೆ, ಬೆಣ್ಣೆ ತಿನ್ನಲಿ. ಸಿಹಿಗೆ ಬಾಯಿ ಬಹಳ ಎಳೆದರೆ ಈ ಮಾತ್ರೆ ಮಜ್ಜಿಗೆಗೋ ನೀರಿಗೋ ಹಾಕಿ ಕೊಡಿ. ಹೀಗೆ ಹೇಳಿ ಒಂದು ಪುಟ್ಟ ಸೀಸೆ ಕೊಟ್ಟರು. ಒಳಗಿದ್ದವು ಸಾಸಿವೆಗಿಂತ ಒಂದಿಷ್ಟು ದಪ್ಪನೆಯ ಬಿಳಿ ಗುಳಿಗೆಗಳು. ಸ್ಯಾಕರಿನ್ ಎಂದು ಅದರ ಹೆಸರು. ಒಂದನ್ನು ಚೊಂಬು ನೀರಿಗೆ ಹಾಕಿ ತೋರಿಸಿದರು. ನಾಯನ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಚೊಂಬಿಗೆ ಚೊಂಬೇ ಪಾನಕವಾಗಿತ್ತು. ಅವನ ಮುಖ ಅರಳಿದ್ದನ್ನು ನಾನು ಕಂಡೆ, ನನಗೂ ಜೀವ ಬಂದಂತಾಯಿತು.

ಗಾಡಿಯಲ್ಲಿ ತಂಗಿಯನ್ನು ಮಲಗಿಸಿಕೊಂಡು ಬರುವಾಗ ದಾರಿಯ ತಳಕು ಊರು ದಾಟುವಷ್ಟರಲ್ಲಿ ನಾಯನ ಎಲ್ಲವನ್ನೂ ಅರ್ಥ ಮಾಡಿಕೊಂಡಿದ್ದ. ಡಾಕ್ಟರು ಸಕ್ಕರೆ ಹೆಚ್ಚಾಗಿದೆ ಎಂದರಲ್ಲ ಎಂದು ನಾನು ಕೇಳಿದ್ದಕ್ಕೆ ನಕ್ಕ. ಹೆಚ್ಚಾಗಿದ್ದರೆ ಹುಡುಗಿ ಹೀಗೆ ಒಣಗುತ್ತಾಳೆಯೆ?

"ಸಿಹಿ ಸೋರಿ ಹೋಗ್ತೈತೆ ಕಣ್ಲೇ, ಅಷ್ಟೇ" ಎಂದ. "ಬೆಲ್ಲದ ಸಿಹಿ ಒರಟು, ಮೈಗೆ ಹಿಡಿಯಲ್ಲ. ಇದು ಸೀಮೆ ಸಿಹಿ. ಒಂದು ಗುಳಿಗೇಲಿ ಒಂದು ಪೆಂಟೆ ಬೆಲ್ಲದ ಸತ್ವ ಐತೆ. ಇದು ಹಿಡೀತೈತೆ ನೋಡು."

ಇಂಥ ತಪ್ಪನ್ನು ಮಾಡಲು ಬಣ್ಣ ಹಾಕುವವರೇ ಆಗಬೇಕು. ಬೇರೆ ಯಾರಾದರೂ ಆ ಗುಳಿಗೆಯನ್ನು ನಾಲಿಗೆಗೆ ಮೋಸ ಎಂದುಕೊಳ್ಳುತ್ತಿದ್ದರು, ಇಲ್ಲವೇ ದೆವ್ವದ ಸರಕು ಎಂದು ಎಸೆಯುತ್ತಿದ್ದರು. ನಮ್ಮ ಕಸುಬಿನಲ್ಲಿ ಬಣ್ಣವೆಂದರೆ ಬಣ್ಣವೇ. ಅರಗಿನಿಂದ ಬಂದರೂ ಡಬ್ಬಿಯಿಂದ ಬಂದರೂ ಎಳೆ ಕೆಂಪಾದರೆ ಕೆಲಸವಾಯಿತು. ಚಿಟಿಕೆಯಲ್ಲಿ ಹಂಡೆಯ ಕೆಂಪು ಅಡಗಿರುವುದಾದರೆ ಗುಳಿಗೆಯಲ್ಲಿ ಪೆಂಟೆಯ ಬೆಲ್ಲ ಏಕೆ ಅಡಗಿರಬಾರದು? ಬಹಳ ವರ್ಷಗಳ ಮೇಲೆ ಬಳ್ಳಾರಿಯ ಬಣ್ಣದ ವ್ಯಾಪಾರಿಯೊಬ್ಬ ನನಗೆ ಹೇಳಿದ: ಆ ಬಣ್ಣಗಳನ್ನೂ ಆ ಸಿಹಿಯನ್ನೂ ಸೀಮೆಯಲ್ಲಿ ಕಲ್ಲಿದ್ದಲಿನ ಡಾಂಬರಿನಿಂದಲೇ ತೆಗೆಯುತ್ತಾರಂತೆ. ಒಂದೇ ಬಾಣಲೆಯ ಮಕ್ಕಳು ಎಂದು ನಾಯನ ಮೂಸಿ ನೋಡದೆಯೇ ತಿಳಿದಿದ್ದ. ಅಷ್ಟು ತಿಳಿದವನಿಗೆ ಉಳಿದದ್ದೂ ತಿಳಿಯಬಾರದಿತ್ತೇ ಎಂದು ಅವತ್ತು ಅಂಗಡಿಯ ಮುಂದೆ ನಿಂತು ಅತ್ತೆ. ವ್ಯಾಪಾರಿ ಗಾಬರಿಯಾಗಿ ನೀರು ತರಿಸಿದ.

ಮೊದಲ ತಿಂಗಳು ನಾಯನನ ಮಾತೇ ಗೆದ್ದಿತು. ಅನ್ನ ಮುದ್ದೆ ನಿಂತವು. ಬೆಲ್ಲದ ಗಡಿಗೆಯನ್ನು ನಾಯನ ಕಂಡವರ ಮನೆಗೆ ಕೊಟ್ಟುಬಂದ. ಹತ್ತಿರದ ಸಿದ್ದಾಪುರದಿಂದ ಕುರಿಯವರ ಹೆಂಗಸು ಬೆಣ್ಣೆ ತಂದು ಕೊಡುತ್ತಿದ್ದಳು. ಅವ್ವ ಗುಡ್ಡದ ಸೊಪ್ಪು ಬೇಯಿಸುತ್ತಿದ್ದಳು. ಮಜ್ಜಿಗೆಗೆ ಒಂದು ಗುಳಿಗೆ. ತಂಗಿಯ ದಾಹ ಇಳಿಯಿತು. ಬಚ್ಚಲಿಗೆ ಇರುವೆ ಬರುವುದು ಕಡಿಮೆಯಾಯಿತು. ಇರುವೆ ಬರಲಿಲ್ಲವೆಂದರೆ ಸಿಹಿ ಸೋರುತ್ತಿಲ್ಲ, ಮೈಯೊಳಗೆ ನಿಂತಿದೆ ಎಂದು ನಾಯನ ಮಗ್ಗದಡಿಯ ಗುಂಡಿಯಲ್ಲಿ ಕೂತಲ್ಲಿಂದಲೇ ಕೂಗಿ ಹೇಳಿದ. ಅನ್ನ ಬಿಟ್ಟದ್ದಕ್ಕೆ ಇರುವೆ ಹೋದದ್ದು ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ, ಗೊತ್ತಾಗುವುದು ಬೇಕಾಗಿಯೂ ಇರಲಿಲ್ಲ. ತಂಗಿ ಎದ್ದು ಬಂದು ನನ್ನ ಪಕ್ಕ ಕೂತು ಮತ್ತೆ ಕಂಡಿಕೆ ಸುತ್ತಿದಳು, ನಾನು ಬೇಕೆಂದೇ ಎಳೆ ತಪ್ಪಿಸಿದೆ, ಅವಳು ಬೈದಳು. ನನ್ನ ಆಯಸ್ಸಿನಲ್ಲಿ ಅಷ್ಟು ಖುಷಿಯಾಗಿ ಬೈಸಿಕೊಂಡದ್ದು ಅದೇ ಕೊನೆ.

ಮೈ ಮಾತ್ರ ತುಂಬಲಿಲ್ಲ. ಕುಪ್ಪಸ ಜೋತುಬಿತ್ತು. ಕಣ್ಣು ದೊಡ್ಡದಾಗುತ್ತ ಹೋಯಿತು. ಹಿಡಿದದ್ದು ಸಾಲದು ಎಂದು ನಾಯನ ಗುಳಿಗೆ ಹೆಚ್ಚಿಸಿದ. ಸೀಸೆ ಮುಗಿದಾಗ ಬಳ್ಳಾರಿಗೆ ರೇಷ್ಮೆ ತರಲು ಹೋದವನು ಬಿಳಿಯರ ದಂಡಿನ ಕಡೆಯ ಅಂಗಡಿಯಿಂದ ದೊಡ್ಡ ಸೀಸೆಯನ್ನೇ ತಂದ. ಮಜ್ಜಿಗೆಗೆ, ನೀರಿಗೆ, ಕೊನೆಗೆ ಸೊಪ್ಪಿನ ಸಾರಿಗೂ ಗುಳಿಗೆ. ಸೊಪ್ಪಿನ ಸಾರು ಸಿಹಿಯಾಗಿದ್ದರೆ ಯಾರಿಗೆ ಸೇರುತ್ತದೆ? ಅವಳು ಕುಡಿಯುತ್ತಿದ್ದಳು. ಮೊದಲು ಸಿಹಿ, ಆಮೇಲೆ ತಾಮ್ರದ ಚೊಂಬು ನೆಕ್ಕಿದ ಹಾಗೆ ಇರುತ್ತದೆ ಎಂದು ನನ್ನೊಬ್ಬನ ಹತ್ತಿರ ಹೇಳಿದಳು. ನಾಯನನ ಮುಂದೆ ಹೇಳಲಿಲ್ಲ. ಅವನು ಬಗ್ಗಿ ಅವಳ ಮುಖ ನೋಡುತ್ತ ಕಾಯುತ್ತಿದ್ದ, ಅಂಥವನಿಗೆ ಹೇಗೆ ಹೇಳುತ್ತಾಳೆ.

ಬರಬರುತ್ತ ಹೊಟ್ಟೆ ಕೆಟ್ಟಿತು. ಉಬ್ಬರ, ಗುಡುಗುಡು ಸದ್ದು, ಎರಡು ದಿನಕ್ಕೊಮ್ಮೆ ಭೇದಿ. ಗುಳಿಗೆಯಿಂದಲೋ, ಬರೀ ಸೊಪ್ಪು ಬೆಣ್ಣೆಯಿಂದಲೋ, ರೋಗದಿಂದಲೋ, ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ಅವ್ವನಿಗೆ ಅನುಮಾನ ಗುಳಿಗೆಯ ಮೇಲೆಯೇ. ಕರುಳಿಗೆ ಗೊತ್ತಾಗಿದೆ, ಬಾಯಿಗೆ ಬಂದದ್ದು ಹೊಟ್ಟೆಗೆ ಬರುತ್ತಿಲ್ಲ, ಕರುಳು ಬರಿದಾಗಿ ಕೂಗುತ್ತಿದೆ ಎಂದಳು. ನಾಯನ ಒಪ್ಪಲಿಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಮೊದಲ ಒಗೆತಕ್ಕೆ ಬಿಡ್ತೈತೆ" ಎಂದ. "ಆಮೇಲೆ ನಿಲ್ತೈತೆ."

ಈ ಮಾತು ಕೇಳಿದ ಅವ್ವ ಎದ್ದು ಒಳಗೆ ಹೋಗಿ ಬೆಟ್ಟದ ಮೇಲಿನ ಜಟಿಂಗ ರಾಮೇಶ್ವರನಿಗೆ ಹರಕೆ ಕಟ್ಟಿಕೊಂಡಳು: ಮಗಳು ಗುಣವಾಗಿ ಬೆಟ್ಟ ಹತ್ತುವವರೆಗೂ ತಾನು ಬೆಲ್ಲ ಮುಟ್ಟುವುದಿಲ್ಲ. ಗುಣವಾಗುವವರೆಗೆ ಎಂದು ಗಡುವು ಇಟ್ಟ ಹರಕೆ ಅದು. ಅವ್ವ ಮುದುಕಿಯಾಗಿ ಸಾಯುವವರೆಗೂ ನಮ್ಮ ಯುಗಾದಿಗಳಲ್ಲಿ ಬರೀ ಬೇವು ತಿಂದಳು.

ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಂಟಲು ಸರಿಮಾಡಿಕೊಂಡು ಹೇಳಿಹೋದವರೇ ಹೆಚ್ಚು. ಆ ಗಾದೆ ಕಟ್ಟಿದವನು ನನ್ನ ಕೈಗೆ ಸಿಕ್ಕಿದ್ದರೆ ಅವನನ್ನು ನನ್ನ ತಂಗಿಯ ಎಲೆಯ ಮುಂದೆ ಕೂರಿಸುತ್ತಿದ್ದೆ. ನಾವು ಕದ್ದುಮುಚ್ಚಿ ತಿನ್ನುವುದನ್ನು ಕಲಿತಿದ್ದೆವು. ಅವಳು ಮಲಗಿದ ಮೇಲೆ ಹಿತ್ತಿಲಲ್ಲಿ ಮುದ್ದೆ ನುಂಗುವುದು, ವಾಸನೆ ಬರಬಾರದೆಂದು ಕೈ ಉಜ್ಜಿ ಉಜ್ಜಿ ತೊಳೆಯುವುದು. ಒಂದು ಸಲ ಒಳಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡೇ, ಇವತ್ತು ಹುರುಳಿ ಸಾರು, ಅಲ್ವಾ ಅಣ್ಣಾ, ಎಂದಳು. ನನಗೆ ಆ ಮನೆಯಲ್ಲಿ ಉಸಿರಾಡುವುದೂ ಕಳ್ಳತನ ಅನಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಏಳುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ಅವ್ವ ಅವಳ ತಲೆ ಬಾಚುತ್ತಿದ್ದಳು. ನಾಯನ ಪಕ್ಕದ ಮಗ್ಗದಲ್ಲಿ, ನಾನು ಅಂಚಿನ ಎಳೆ ಬಿಡಿಸುತ್ತಿದ್ದೆ. ಅವ್ವಾ, ಒಂದು ಚೂರು ಬೆಲ್ಲ ಕೊಡೇ, ಎಂದಳು ತಂಗಿ. ಎಂದೂ ಕೇಳಿದವಳಲ್ಲ. ಅವ್ವನ ಕೈ ನಿಂತಿತು. ನಾಯನ ಲಾಳಿ ಬಿಟ್ಟು ಎದ್ದ. ಮಜ್ಜಿಗೆಗೆ ಇನ್ನೊಂದು ಗುಳಿಗೆ ಹಾಕಿ ಕೊಡುತ್ತೇನೆ, ಬೆಲ್ಲಕ್ಕಿಂತ ಸಿಹಿಯಾಗಿರುತ್ತದೆ ಎಂದು ಸೀಸೆಯ ಕಡೆ ಹೋದ.

"ಸಿಹಿ ಬ್ಯಾಡ ನಾಯನಾ" ಎಂದಳು. "ಸಿಹಿ ಸಾಕಾಗೈತೆ. ಬೆಲ್ಲ ಬೇಕು."

ಇಷ್ಟು ಹೇಳುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ಬೆಲ್ಲಕ್ಕೆ ಮಣ್ಣಿನ ವಾಸನೆ ಇರುತ್ತದೆ, ಹಲ್ಲಿಗೆ ಸಿಗುತ್ತದೆ, ಗಂಟಲಲ್ಲಿ ಕೂರುತ್ತದೆ ಎಂದು ಅವ್ವನಿಗೆ ಪಿಸುಗುಟ್ಟಿ ವಿವರಿಸಿದಳು, ಅವ್ವ ಬೆಲ್ಲವನ್ನೇ ಕಂಡಿಲ್ಲವೇನೋ ಎಂಬಂತೆ. ಅವ್ವ ಬಾಚಣಿಗೆ ಕೆಳಗಿಟ್ಟು ಪಕ್ಕದ ಮನೆಯಿಂದ ತರುತ್ತೇನೆಂದು ಎದ್ದಳು. ನಾಯನ ಬಾಗಿಲಿಗೆ ಅಡ್ಡ ನಿಂತ. ಡಾಕ್ಟರು ಬೇಡ ಎಂದಿದ್ದಾರೆ, ಇಷ್ಟು ತಿಂಗಳು ಕಾದದ್ದು ಒಂದು ಚೂರಿಗೆ ಹಾಳಾಗುತ್ತದೆ, ಇನ್ನೇನು ಮೈ ಹಿಡಿಯುವ ಹೊತ್ತು ಎಂದ. ಕೈ ಮುಗಿದ. ನನ್ನ ಅಪ್ಪ ತನ್ನ ಹೆಂಡತಿಗೆ ಕೈ ಮುಗಿದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವ್ವ ನನ್ನ ಕಡೆ ನೋಡಿದಳು. ನಾನು ನಾಯನನ ಪಕ್ಷವೇ ಆಗಿದ್ದೆ. ಬದುಕಿಸುವ ಆಸೆ ಅವನೊಬ್ಬನ ಕೈಯಲ್ಲಿ ಉಳಿದಿತ್ತು. ಅವ್ವ ಕೂತಳು. ತಂಗಿ ಮಜ್ಜಿಗೆ ಕುಡಿದಳು, ಪೂರ್ತಿ ಕುಡಿದಳು, ನಾಯನನನ್ನು ನೋಡಿ ಸಿಹಿಯಾಗೈತೆ ಎಂದಳು.

ಅದಾದ ಕೆಲವೇ ದಿನಕ್ಕೆ ಅವಳ ಉಸಿರು ಜೋರಾಯಿತು. ಓಡಿಬಂದವರ ಉಸಿರು, ಮಲಗಿದ್ದಲ್ಲಿಯೇ. ಬಾಯಿಯಿಂದ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ನಾಯನ ಆ ವಾಸನೆಯನ್ನು ಮೂಸಿ, ಸಿಹಿ ಮೈಗೆ ಹತ್ತಿತು ನೋಡ್ರಿ ಎಂದು ನೆರೆಯವರಿಗೆ ಹೇಳಿದ. ಅವನ ಮುಖದಲ್ಲಿ ನಗುವಿತ್ತು. ಮಾರನೆಯ ದಿನ ಕರೆದರೆ ಅವಳು ಕಣ್ಣು ತೆರೆಯಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು. ಎತ್ತಿಕೊಂಡಾಗ ಭಾರವೇ ಇರಲಿಲ್ಲ.

ಈಗ ಇದಕ್ಕೆ ಸೂಜಿ ಮದ್ದು ಬಂದಿದೆ. ದಿನಾ ಚುಚ್ಚಿಸಿಕೊಂಡು ಇಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಜಡೆ ಹಾಕಿಕೊಂಡು, ಗೆಳತಿಯ ಜೊತೆ ಜಗಳವಾಡುತ್ತ ಹೋಗುತ್ತಿದ್ದಳು. ಸಂತೋಷಪಡಬೇಕು ಎನ್ನುತ್ತಾರೆ. ನನಗಾಗಲಿಲ್ಲ. ಇಷ್ಟು ತಡವಾಗಿ ಬಂದದ್ದು ಬಾರದೆಯೇ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಕೆಟ್ಟ ಮಾತು ನನ್ನ ಮನಸ್ಸಿಗೆ ಬಂತು. ವಯಸ್ಸಾದ ಮೇಲೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂಬುದು ಸುಳ್ಳು.

ಕರ್ಮಗಳೆಲ್ಲ ಮುಗಿದ ಮೇಲೆ ಅವಳ ಗಂಡನ ಮನೆಗೆ ಅವಳ ಒಡವೆ ಒಪ್ಪಿಸಲು ನಾಯನ, ನಾನು ಚಳ್ಳಕೆರೆಗೆ ಹೋದೆವು. ಹಿಂದಿರುಗುವಾಗ ನಾಯನ ಗಾಡಿಯನ್ನು ಡಾಕ್ಟರ ಕಡೆಗೆ ತಿರುಗಿಸಿದ. ಅರ್ಧ ಉಳಿದಿದ್ದ ಸೀಸೆಯನ್ನು ಮೇಜಿನ ಮೇಲೆ ಇಟ್ಟ. ಜಗಳಕ್ಕೆ ಬಂದವನಲ್ಲ. ಕೇಳಿ ತಿಳಿದುಕೊಳ್ಳಲು ಬಂದಿದ್ದ. ಪ್ರಮಾಣ ಎಲ್ಲಿ ತಪ್ಪಿತು, ಎಷ್ಟು ಹಾಕಿದ್ದರೆ ಮೈಗೆ ಹಿಡಿಯುತ್ತಿತ್ತು ಎಂದು. ಡಾಕ್ಟರಿಗೆ ಅವನು ಏನು ಕೇಳುತ್ತಿದ್ದಾನೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ತಿಳಿದ ಮೇಲೆ ಕುರ್ಚಿಯಿಂದ ಎದ್ದು ಬಂದು ನಾಯನನ ಎದುರು ನಿಂತರು. ಗುಳಿಗೆಯಲ್ಲಿ ಸತ್ವವೆಂಬುದೇ ಇಲ್ಲ, ನೆತ್ತರಿನ ಸಕ್ಕರೆಯನ್ನು ಅದು ಏರಿಸುವುದೂ ಇಲ್ಲ ಇಳಿಸುವುದೂ ಇಲ್ಲ, ಬರೀ ನಾಲಿಗೆಯ ಸಮಾಧಾನಕ್ಕೆ ಕೊಟ್ಟದ್ದು, ಮೈ ಅದನ್ನು ಹೇಗೆ ಬಂತೋ ಹಾಗೇ ಹೊರಗೆ ಹಾಕುತ್ತದೆ ಎಂದರು.

ನಾಯನ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಕೆಳಗಿಟ್ಟ.

"ಹಂಗಾದ್ರೆ ನನ್ನ ಮಗಳು ಇಷ್ಟು ದಿನ ಏನು ತಿಂದು ಬದುಕಿದ್ಳು ಸ್ವಾಮಿ?"

"ತನ್ನ ಮೈಯನ್ನೇ ಕಣಪ್ಪಾ" ಎಂದರು ಡಾಕ್ಟರು.

ಆಮೇಲೆ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದರು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಬಂದರೆ ಈ ರೋಗಕ್ಕೆ ಭೂಮಿಯ ಮೇಲೆ ಎಲ್ಲಿಯೂ ಮದ್ದಿಲ್ಲ, ನೀವು ಏನು ಮಾಡಿದ್ದರೂ, ಬೆಲ್ಲವನ್ನೇ ತಿನ್ನಿಸಿದ್ದರೂ, ಒಂದೆರಡು ತಿಂಗಳು ಹಿಂದೆಮುಂದೆ ಆಗುತ್ತಿತ್ತು ಅಷ್ಟೆ, ನಿಮ್ಮದೇನೂ ತಪ್ಪಿಲ್ಲ. ನಾಯನ ಕೈ ಮುಗಿದು ಹೊರಗೆ ಬಂದ.

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕೂತಿದ್ದಳು. ಡಾಕ್ಟರ ಹತ್ತಿರ ಹೋಗಿದ್ದೆವೆಂದು ಹೇಳಿದೆ. ಏನೆಂದರು ಎಂದು ಕೇಳಿದಳು. ನಾಯನ ನೇರ ಹೋಗಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ, ಲಾಳಿ ಮುಟ್ಟಲಿಲ್ಲ. ನಾನೇ ಎಲ್ಲವನ್ನೂ ಹೇಳಿದೆ, ನಮ್ಮದೇನೂ ತಪ್ಪಿಲ್ಲವಂತೆ ಎಂಬುದನ್ನು ಎರಡು ಸಲ ಹೇಳಿದೆ. ಅವ್ವ ಕೇಳಿಸಿಕೊಂಡಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಏನು ತಿಂದ್ರೂ ಹೋಗೋಳೇ ಆಗಿದ್ರೆ" ಎಂದಳು, "ಕೇಳಿದ್ದು ಕೊಡಬೌದಿತ್ತಲ್ಲ."

ನಾಯನನಿಗೆ ಹೇಳಿದಳೋ ನನಗೆ ಹೇಳಿದಳೋ ಗೊತ್ತಾಗಲಿಲ್ಲ. ಇಬ್ಬರೂ ತಲೆ ಎತ್ತಲಿಲ್ಲ.